38 ಸಾವಿರ ಜನ ಆದ ಕೂಡಲೇ ನನ್ನ ಊರು ಸತ್ತು ಹೋಗುತ್ತೆ. ಊರು ಕಟ್ಟೋ ಕಂಪ್ಯೂಟರ್ ಆಟ ಸಿಟೀಸ್ ಸ್ಕೈಲೈನ್ಸ್ ಆಡೋರು ಸ್ವಲ್ಪ ನೋಡಿ

ಹೊಸಪೇಟೆ_ಹೈದ · ಶುಕ್ರವಾರ, ರಾತ್ರಿ 11:42

ಎಲ್ಲರಿಗೂ ನಮಸ್ಕಾರ. ಇಲ್ಲಿ ಬರೀತಿರೋದು ಇದೇ ಮೊದಲು, ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ಸಿಟೀಸ್ ಸ್ಕೈಲೈನ್ಸ್ ಮೊದಲನೇದು, 2015ರದ್ದು, ಹೋದ ತಿಂಗಳು ಆಫರ್‌ನಲ್ಲಿ ತಗೊಂಡೆ. ಎರಡನೇದು ನನ್ನ ಲ್ಯಾಪ್‌ಟಾಪ್‌ನಲ್ಲಿ ಓಡಲ್ಲ, ಆ ಮಾತು ಬೇಡ. ಡಿಎಲ್‌ಸಿ (ದುಡ್ಡು ಕೊಟ್ಟು ಸೇರಿಸ್ಕೊಳ್ಳೋ ಹೆಚ್ಚುವರಿ ಭಾಗ) ಒಂದೇ, ಆಫ್ಟರ್ ಡಾರ್ಕ್. ಆಡೋರೇ ಮಾಡಿ ಹಂಚೋ ಮಾಡ್ ಯಾವುದೂ ಹಾಕಿಲ್ಲ. ಊರಿನ ಹೆಸರು ಹೊಸಹೊಸಪೇಟೆ (ನಗಬೇಡಿ, ರಾತ್ರಿ ಒಂದು ಗಂಟೆಗೆ ಬೇರೆ ಹೆಸರು ಹೊಳೀಲಿಲ್ಲ).

ಇದು ನನ್ನ ಮೂರನೇ ಊರು. ಮೂರರ ಹಣೆಬರಹಾನೂ ಒಂದೇ. 70 ಸಾವಿರ ದುಡ್ಡಲ್ಲಿ ಶುರು, ಮೊದಲ ಒಂದು ಗಂಟೆ ಪರದಾಟ, ಆಮೇಲೆ ದುಡ್ಡು ಬರ್ತಾ ಹೋಗುತ್ತೆ. ಮನೆಗೆ ಬೇಡಿಕೆ ತೋರಿಸೋ ಹಸಿರು ಕಡ್ಡಿ ಏರಿದಾಗೆಲ್ಲ ಮನೆ ಜೋನ್ ಬಳೀತೀನಿ (ಅಂದ್ರೆ ಮನೆಗೆ ಜಾಗ ಗುರುತು ಮಾಡ್ತೀನಿ), ಹಳದಿ ಏರಿದ್ರೆ ಕಾರ್ಖಾನೆ. ಎಲ್ಲಾ ಸರಿ ಇರುತ್ತೆ. 38 ಸಾವಿರದ ಹತ್ರ ಬಂತು ಅನ್ನುವಾಗ ಮನೆಗಳ ಮೇಲೆ ತಲೆಬುರುಡೆ ಗುರುತು ಶುರು. ಮೊದಲು ಒಂದು ಓಣಿ, ಆಮೇಲೆ ಇಡೀ ಬಡಾವಣೆ. ಸ್ಮಶಾನ ಕಟ್ಟಿದೆ. ಸಾಲದು ಅಂತ ಚಿತಾಗಾರ ಎಂಟು ಕಟ್ಟಿದೆ. ಆದ್ರೂ ಹೆಣ ಎತ್ತೋಕೆ ಗಾಡಿ ಬರಲ್ಲ. ಕಸದ ರಾಶಿ ಬೇರೆ. ಜನ ಮನೆ ಬಿಟ್ಟು ಹೋಗ್ತಾರೆ, ತೆರಿಗೆ ಬೀಳುತ್ತೆ. ಮೊನ್ನೆ 38 ಸಾವಿರ ಇದ್ದದ್ದು ಈಗ 14 ಸಾವಿರ. ಆಟದಲ್ಲಿ ಸುದ್ದಿ ಹೇಳೋ ನೀಲಿ ಹಕ್ಕಿ ಪರದೆ ಮೇಲ್ಗಡೆ ಕೂತ್ಕೊಂಡು ಒಂದೇ ಸಮ ದೂರು ಹೇಳ್ತಿದೆ.

ಪ್ರಶ್ನೆ ಇಷ್ಟೇ: ಇಷ್ಟು ಜನಕ್ಕೆ ಇಷ್ಟು ಚಿತಾಗಾರ ಅಂತ ಏನಾದ್ರೂ ಲೆಕ್ಕ ಇದೆಯಾ?

ಕುಡ್ಲದ_ಗೋಳಿಬಜೆ · ಶುಕ್ರವಾರ, ರಾತ್ರಿ 11:50

ಎಂಟು ಚಿತಾಗಾರವಾ! ಮಾರಾಯ್ರೆ, ನೀವು ಕಟ್ಟುವುದು ಊರಾ, ಸ್ಮಶಾನವಾ?

ರಸ್ತೆರಾಯ · ಶನಿವಾರ, ಬೆಳಿಗ್ಗೆ 12:20

ಗುರು, ಹದಿನಾರು ಕಟ್ಟಿದ್ರೂ ಇದೇ ಕಥೆ. ನೀನೇ ಹೇಳ್ತಿದ್ದೀಯಲ್ಲ, ಗಾಡಿ ಬರಲ್ಲ ಅಂತ. ಚಿತಾಗಾರದಲ್ಲಿ ಗಾಡಿ ಇಲ್ಲದೆ ಬರ್ತಿಲ್ವಾ, ಹೊರಟ ಗಾಡಿ ದಾರೀಲಿ ಸಿಕ್ಕಿಹಾಕ್ಕೊಂಡು ಬರ್ತಿಲ್ವಾ? ಅದನ್ನ ಮೊದಲು ನೋಡು.

ಒಂದು ಕೆಲಸ ಮಾಡು. ಯಾವುದಾದ್ರೂ ಒಂದು ಚಿತಾಗಾರದ ಮುಂದೆ ಕಾದು ಕೂತ್ಕೋ. ಹೆಣದ ಗಾಡಿ ಹೊರಗೆ ಬಂದ ತಕ್ಷಣ ಅದರ ಮೇಲೆ ಒತ್ತು, ಕ್ಯಾಮೆರಾ ಅದರ ಹಿಂದೆ ಹೋಗುತ್ತೆ. ಕೊನೇವರೆಗೂ ಹಿಂಬಾಲಿಸು. ಎಲ್ಲಿ ನಿಂತಿತು ಅಂತ ಬಂದು ಹೇಳು. ಟ್ರಾಫಿಕ್ ನೋಟ ಆನ್ ಮಾಡಿ ಯಾವ ರಸ್ತೆ ಕೆಂಪಗಿದೆ ಅನ್ನೋದನ್ನೂ ಬರಿ.

ಹೊಸಪೇಟೆ_ಹೈದ · ಶನಿವಾರ, ಬೆಳಿಗ್ಗೆ 1:35

ಹಿಂಬಾಲಿಸಿದೆ. ಸತ್ಯವಾಗಿ ಹೇಳ್ತೀನಿ, ಸಿನಿಮಾ ನೋಡಿದ ಹಾಗಾಯ್ತು.

ಚಿತಾಗಾರ ಎಲ್ಲಾ ಕಾರ್ಖಾನೆ ಕಡೆ ಒಟ್ಟಿಗೆ ಇವೆ (ಮನೆ ಹತ್ರ ಬೇಡ ಅಂತ). ಗಾಡಿ ಹೊರಟಿತು, ಎರಡು ತಿರುವು ದಾಟಿತು, ಆರು ಲೇನಿನ ದೊಡ್ಡ ರಸ್ತೆಗೆ ಬಂತು. ಅಲ್ಲಿ ಲಾರಿಗಳ ಸಾಲು. ಎಣಿಸಿದೆ, ಮುಂದೆ 43 ಲಾರಿ. ಸಿಗ್ನಲ್ ಹಸಿರಾದಾಗ ಮೂರೋ ನಾಲ್ಕೋ ದಾಟ್ತವೆ, ಮತ್ತೆ ಕೆಂಪು. ಪಕ್ಕದ ಎರಡು ಲೇನ್ ಖಾಲಿ ಹೊಡೀತಿವೆ, ಯಾರೂ ಹೋಗಲ್ಲ! ಎಲ್ಲರೂ ಒಂದೇ ಲೇನಲ್ಲಿ. ಕೊನೆಗೆ ಗಾಡಿ ಜಂಕ್ಷನ್ ಹತ್ರ ಬಂತು ಅನ್ನುವಾಗ ಪಟ್ ಅಂತ ಮಾಯ. ಹೆಣ ಹಾಗೇ ಉಳೀತು.

ಕೆಂಪಗಿರೋದು ಆ ಒಂದು ಜಂಕ್ಷನ್, ಅದರ ನಾಲ್ಕೂ ಕಡೆ ರಸ್ತೆ, ಹೈವೇಯಿಂದ ಇಳಿಯೋ ರ‍್ಯಾಂಪ್, ಹೈವೇ ಕೂಡ ಅರ್ಧ. ಉಳಿದ ಊರೆಲ್ಲ ಹಸಿರು. ಹೈವೇಗೆ ಸೇರೋ ಜಾಗ ನನ್ನ ಊರಿಗೆ ಅದೊಂದೇ. ಈಗ ಅದನ್ನ ಎಂಟು ಲೇನ್ ಮಾಡಬೇಕಾ?

ರಸ್ತೆರಾಯ · ಶನಿವಾರ, ಬೆಳಿಗ್ಗೆ 9:10

ಎಂಟು ಲೇನ್ ಬೇಡ ಮಾರಾಯ, ಆರರಲ್ಲೇ ಎರಡು ಖಾಲಿ ಇದೆ ಅಂತ ಈಗಷ್ಟೇ ಹೇಳಿದೆ. ಕಾಫಿ ಕುಡಿದು ಕೂತಿದ್ದೀನಿ, ಉದ್ದ ಬರೀತೀನಿ, ಓದು.

ಈ ಆಟದಲ್ಲಿ ಪ್ರತಿ ಗಾಡಿನೂ ಹೊರಡುವಾಗಲೇ ಪೂರ್ತಿ ದಾರಿ ಲೆಕ್ಕ ಹಾಕ್ಕೊಳ್ಳುತ್ತೆ. ಯಾವ ಲೇನಲ್ಲಿ ಹೋದ್ರೆ ಮುಂದಿನ ತಿರುವು ಸಿಗುತ್ತೆ ಅಂತ ತುಂಬಾ ಮೊದಲೇ ನಿರ್ಧಾರ ಆಗಿರುತ್ತೆ. ನಿನ್ನ 43 ಲಾರಿಗೂ ಮುಂದೆ ಹೈವೇ ಕಡೆ ಬಲಕ್ಕೆ ತಿರುಗಬೇಕು, ಅದಕ್ಕೇ ಎಲ್ಲರೂ ಬಲಗಡೆ ಲೇನಲ್ಲಿ ಪಟ್ಟು ಹಿಡಿದು ನಿಂತಿದ್ದಾರೆ. ಪಕ್ಕದ ಲೇನ್ ನೇರ ಹೋಗೋರಿಗೆ. ನೇರ ಹೋಗೋರು ಯಾರೂ ಇಲ್ಲ. ಇನ್ನೆರಡು ಲೇನ್ ಸೇರಿಸಿದ್ರೆ ಖಾಲಿ ಲೇನ್ ನಾಲ್ಕಾಗುತ್ತೆ, ಅಷ್ಟೇ.

ಇನ್ನು ತುಂಬಾ ಹೊತ್ತು ನಿಂತ ಗಾಡಿಯನ್ನ ಆಟವೇ ಅಳಿಸಿಬಿಡುತ್ತೆ. ಜಾಮ್ ಪೂರ್ತಿ ಕಟ್ಟಿಹೋಗದೆ ಇರಲಿ ಅಂತ ಮಾಡಿದ ಕೃಪೆ ಅದು. ಲಾರಿ ಮಾಯ ಆದ್ರೆ ಚಿಂತೆ ಇಲ್ಲ, ಹೆಣದ ಗಾಡಿ ಮಾಯ ಆದ್ರೆ ಹೆಣ ಅಲ್ಲೇ. ಹಾಗಾಗಿ ಆಟ ತೋರಿಸೋ ಟ್ರಾಫಿಕ್ ಹರಿವಿನ ಶೇಕಡಾ ಲೆಕ್ಕವನ್ನ ಪೂರ್ತಿ ನಂಬಬೇಡ. ಗಾಡಿ ಮಾಯ ಆಗ್ತಾ ಇದ್ರೆ ಅದು ಚೆನ್ನಾಗೇ ಕಾಣುತ್ತೆ.

ಈಗ ನಿನ್ನ ಜಂಕ್ಷನ್. ಆ ರಸ್ತೆ ಮೇಲೆ ಒತ್ತಿ ರೂಟ್ಸ್ ನೋಟ ತೆಗಿ (2017ರ ಅಪ್‌ಡೇಟ್‌ನಿಂದ ಎಲ್ಲರಿಗೂ ಉಚಿತವಾಗಿ ಬಂದಿದೆ). ಅಲ್ಲಿ ಹಾದುಹೋಗೋ ಪ್ರತಿಯೊಂದು ಗಾಡಿ ಎಲ್ಲಿಂದ ಎಲ್ಲಿಗೆ ಅಂತ ಗೆರೆ ಕಾಣುತ್ತೆ. ಲಾರಿಗೆ ಬೇರೆ ಬಣ್ಣ, ಕಾರಿಗೆ ಬೇರೆ, ಊರಿನ ಸೇವೆ ಗಾಡಿಗಳಿಗೆ ಬೇರೆ. ನನ್ನ ಅಂದಾಜಲ್ಲಿ ನಿನಗೆ ಮುಕ್ಕಾಲು ಪಾಲು ಲಾರಿನೇ ಕಾಣ್ಬೇಕು. ಕಾರ್ಖಾನೆಗೆ ಕಚ್ಚಾ ಮಾಲು ಹೊರಗಿಂದ ಬರ್ತಿದೆ, ಮಾಲು ಹೊರಗೆ ಹೋಗ್ತಿದೆ, ಅಂಗಡಿಗಳಿಗೆ ಸಾಮಾನು ಬರ್ತಿದೆ. ಎಲ್ಲಾ ಒಂದೇ ಬಾಗಿಲಲ್ಲಿ.

ಮಾಡಬೇಕಾದ್ದು:

ಕಾರ್ಖಾನೆ ಪ್ರದೇಶಕ್ಕೆ ಹೈವೇಯಿಂದ ಬೇರೆಯದೇ ಇಳಿದಾರಿ, ಏರುದಾರಿ ಕೊಡು. ಲಾರಿ ಊರೊಳಗೆ ಕಾಲಿಡದೆ ಹೋಗಿ ಬರಲಿ. ಇದೊಂದರಿಂದಲೇ ಅರ್ಧ ಕಾಯಿಲೆ ಹೋಗುತ್ತೆ.

ಆಮೇಲೆ ಆ ದೊಡ್ಡ ರಸ್ತೆಗೆ ಎಷ್ಟು ಅಡ್ಡರಸ್ತೆ ಸೇರಿಸಿದ್ದೀಯ ನೋಡು. ಹೊಸಬರೆಲ್ಲ ಮಾಡೋ ತಪ್ಪು ಇದೇ, ನಾನೂ ಮಾಡಿದ್ದೀನಿ. ದೊಡ್ಡ ರಸ್ತೆ ಅಂದ್ರೆ ಅದರ ಎರಡೂ ಕಡೆ ಅಂಗಡಿ ಸಾಲು, ಎಂಟು ಹೆಜ್ಜೆಗೊಂದು ಅಡ್ಡರಸ್ತೆ. ಆಟ ಇಂಥ ಪ್ರತಿ ಕೂಡುರಸ್ತೆಗೂ ತಾನೇ ಸಿಗ್ನಲ್ ಹಾಕುತ್ತೆ. ಒಂದು ಸಿಗ್ನಲ್‌ನ ಬಾಲ ಹಿಂದಿನ ಸಿಗ್ನಲ್‌ಗೆ ಮುಟ್ಟಿದ ಮೇಲೆ ಯಾರೂ ಅಲ್ಲಾಡಲ್ಲ. ಹತ್ತು ಅಡ್ಡರಸ್ತೆಯಲ್ಲಿ ಏಳನ್ನ ಮುಚ್ಚು. ಮನೆ ಮುಂದಿನ ಸಣ್ಣ ರಸ್ತೆಗಳು ಮೊದಲು ಮಧ್ಯಮ ರಸ್ತೆಗೆ ಸೇರಲಿ, ಮಧ್ಯಮ ರಸ್ತೆ ಮಾತ್ರ ದೊಡ್ಡದಕ್ಕೆ ಸೇರಲಿ. ತೊರೆ, ಹಳ್ಳ, ಹೊಳೆ ಹೇಗೋ ಹಾಗೆ.

ಅಳತೆ ಬೇಕಾದ್ರೆ ಇದು: ಒಂದು ಚೌಕ 8 ಮೀಟರ್. ಸಣ್ಣ ರಸ್ತೆಯ ಅಗಲ ಎರಡು ಚೌಕ, ಆರು ಲೇನಿಂದು ನಾಲ್ಕು. ರಸ್ತೆಯ ಒಂದು ಬದಿಗೆ ನಾಲ್ಕು ಚೌಕದಷ್ಟು ಆಳಕ್ಕೆ ಮಾತ್ರ ಕಟ್ಟಡ ಏಳುತ್ತೆ. ಹಾಗಾಗಿ ಎರಡು ಓಣಿಗಳ ನಡುವೆ ಎಂಟು ಚೌಕ, ಅಂದ್ರೆ 64 ಮೀಟರ್ ಬಿಟ್ರೆ ಜಾಗ ವ್ಯರ್ಥ ಆಗಲ್ಲ.

ಮಲ್ನಾಡ್_ಮಳೆ · ಶನಿವಾರ, ಬೆಳಿಗ್ಗೆ 10:02

ರಸ್ತೆರಾಯರು ಹೇಳಿದ್ದು ಸರಿ, ಆದ್ರೆ ಅರ್ಧ ಕಥೆ. ಅವರಿಗೆ ಎಲ್ಲಾ ಕಾಯಿಲೆಗೂ ರಸ್ತೆಯೇ ಕಾರಣ.

ಹೊಸಪೇಟೆಯವರೇ, ಮೂರು ಊರೂ 38 ಸಾವಿರದ ಸುತ್ತಲೇ ಯಾಕೆ ಸತ್ತವು ಅಂತ ಯೋಚಿಸಿದ್ರಾ? ಹಸಿರು ಕಡ್ಡಿ ಏರಿದಾಗೆಲ್ಲ ದೊಡ್ಡ ದೊಡ್ಡ ಬಡಾವಣೆ ಒಂದೇ ಸಲ ಬಳೀತೀನಿ ಅಂದ್ರಿ. ಹೊಸ ಮನೆಗೆ ಬರೋರು ಹೆಚ್ಚು ಕಡಿಮೆ ಒಂದೇ ವಯಸ್ಸಿನ ಹರೆಯದವರು. ಒಟ್ಟಿಗೆ ಬರ್ತಾರೆ, ಒಟ್ಟಿಗೆ ಮುದುಕರಾಗ್ತಾರೆ, ಒಟ್ಟಿಗೆ ಸಾಯ್ತಾರೆ. ಆಡೋರು ಇದಕ್ಕೆ ಸಾವಿನ ಅಲೆ ಅಂತಾರೆ. ವರ್ಷಗಟ್ಟಲೆ ಒಂದು ಹೆಣ ಇಲ್ಲ, ಆಮೇಲೆ ಒಂದೇ ವಾರದಲ್ಲಿ ಇಡೀ ಬೀದಿ. ಆ ಹೊತ್ತಿಗೆ ಸರಿಯಾಗಿ ನಿಮ್ಮ ಜಂಕ್ಷನ್ ಕೂಡ ತುಂಬಿರುತ್ತೆ. ಎರಡೂ ಕೂಡಿ ಊರು ಮುಳುಗಿತು.

ಈಗ ಖಾಲಿ ಆದ ಮನೆಗಳನ್ನೆಲ್ಲ ಒಂದೇ ಸಲ ಕೆಡವಿ ಮತ್ತೆ ಬಳಿದ್ರೋ, ಅದೇ ಅಲೆ ಇನ್ನೊಂದು ಸುತ್ತು ಬರುತ್ತೆ. ನಾಲ್ಕೈದು ಮನೆ ಸಾಲು ಬಳಿಯಿರಿ, ಎದ್ದು ಹೋಗಿ ದೋಸೆ ಹುಯ್ಯಿರಿ, ಬಂದು ಇನ್ನೊಂದು ಸಾಲು ಬಳಿಯಿರಿ. ಹಸಿರು ಕಡ್ಡಿ ತುಂಬಿದ್ರೆ ತುಂಬಿರಲಿ, ಅದೇನು ಸಾಲಗಾರನ ನೋಟಿಸಲ್ಲ.

ಇನ್ನೊಂದು. ನೀರು ಎಲ್ಲಿಂದ ಎತ್ತುತ್ತಿದ್ದೀರಿ, ಕೊಳಚೆ ಎಲ್ಲಿ ಬಿಡ್ತಿದ್ದೀರಿ? ನನ್ನ ಮೊದಲ ಊರಲ್ಲಿ ಎಲ್ಲಾ ಶಾಸ್ತ್ರಪ್ರಕಾರ ಮಾಡಿದ್ದೆ, ಪಂಪು ಮೇಲುಹೊಳೆಗೆ, ಮೋರಿ ಕೆಳಹೊಳೆಗೆ. ಊರು ಬೆಳೀತು ಅಂತ ಪಂಪಿನ ಪಕ್ಕ ಪಂಪು ಇಟ್ಟೆ, ಆರೋ ಏಳೋ ಆಯ್ತು. ಒಂದು ದಿನ ಊರಿಗೆ ಊರೇ ವಾಂತಿಭೇದಿ. ಕ್ಯಾಮೆರಾ ಇಳಿಸಿ ನೋಡ್ತೀನಿ, ಕಂದು ಬಣ್ಣದ ನೀರು ಹೊಳೆಯ ಮೇಲ್ಮುಖವಾಗಿ ಪಂಪಿನ ಕಡೆಗೇ ಬರ್ತಿದೆ! ಈ ಆಟದಲ್ಲಿ ನೀರು ನಿಜವಾಗಿ ಹರಿಯುತ್ತೆ. ಸಣ್ಣ ಹೊಳೆಯಿಂದ ಅದರ ಹರಿವಿಗಿಂತ ಹೆಚ್ಚು ಎತ್ತಿದ್ರೆ ಹೊಳೆ ಹಿಂದಕ್ಕೆ ಬರುತ್ತೆ. ನಮ್ಮೂರ ತುಂಗೆ ಯಾವತ್ತೂ ಹಾಗೆ ಮಾಡಿದವಳಲ್ಲ, ನನಗೆ ಹೊಳೀಲೇ ಇಲ್ಲ.

ಹೊಸಪೇಟೆ_ಹೈದ · ಶನಿವಾರ, ಬೆಳಿಗ್ಗೆ 10:30

ಅಕ್ಕಾ, ನೀರಿನದ್ದು ಸರಿ ಇದೆ. ಮುಂದೆ ಡ್ಯಾಂ ಕಟ್ಟೋ ಆಸೆ ಇದೆ, ಡ್ಯಾಂ ಊರಿನವನು ನಾನು. ಸಾವಿನ ಅಲೆ ಕೇಳಿ ಮಾತ್ರ ಮೈ ಜುಮ್ ಅಂತು. ಹೌದು, ಒಂದೇ ಸಲಕ್ಕೆ ಅರ್ಧ ಊರು ಬಳಿದಿದ್ದೆ.

ಮಲ್ನಾಡ್_ಮಳೆ · ಶನಿವಾರ, ಬೆಳಿಗ್ಗೆ 10:33

ಡ್ಯಾಂ ಕಟ್ಟೋ ಮುಂಚೆ ಸೇವ್ ಮಾಡಿ. ಇದನ್ನ ಬರೆದಿಟ್ಟುಕೊಳ್ಳಿ.

ನಿವೃತ್ತ_ಓವರ್ಸಿಯರ್ · ಶನಿವಾರ, ಮಧ್ಯಾಹ್ನ 2:15

ನಾನು ಈ ಆಟ ಆಡಿದವನಲ್ಲ. ಮೊಮ್ಮಗ ಆಡುತ್ತಾನೆ, ನಾನು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಮೂವತ್ತು ವರ್ಷ ಲೇಔಟುಗಳಲ್ಲಿ ಚೈನು ಹಿಡಿದು ಅಳೆದವನಾದ್ದರಿಂದ ನನಗೆ ಒಂದೆರಡು ಮಾತು ಹೇಳಬೇಕೆನಿಸಿತು.

ರಸ್ತೆರಾಯರು "ಹತ್ತು ಅಡ್ಡರಸ್ತೆಯಲ್ಲಿ ಏಳನ್ನು ಮುಚ್ಚು" ಎಂದು ಸಲೀಸಾಗಿ ಬರೆದಿದ್ದಾರೆ. ನಾನು ಕೆಲಸ ಮಾಡಿದ ಒಂದು ಕಡೆ ಒಂದೇ ಒಂದು ಅಡ್ಡರಸ್ತೆಯನ್ನು ಐದು ಅಡಿ ಅಗಲ ಮಾಡಲು ಹನ್ನೊಂದು ವರ್ಷ ಕೇಸು ನಡೆಯಿತು. ನೋಟಿಸು, ಆಕ್ಷೇಪಣೆ, ಪರಿಹಾರದ ತಕರಾರು, ಮತ್ತೆ ಮೇಲ್ಮನವಿ. ಕೊನೆಗೆ ರಸ್ತೆ ಆಗಲೇ ಇಲ್ಲ. ಅಲ್ಲೀಗ ಒಂದು ಗಣಪತಿ ಗುಡಿ ಇದೆ, ನಾನೇ ಹೋಗಿ ಕೈಮುಗಿದು ಬರುತ್ತೇನೆ. ಮೊಮ್ಮಗ ಬುಲ್ಡೋಜರ್ ಗುಂಡಿ ಒತ್ತಿದ. ಮನೆ ಮಾಯ. ಮನೆಯವರು ಎಲ್ಲಿ ಹೋದರೋ ಎಂದು ಕೇಳಿದೆ. ಅವನಿಗೆ ಗೊತ್ತಿಲ್ಲ.

ಇನ್ನೊಂದು ವಿಚಾರ. ಅಷ್ಟೊಂದು ಕಾರು ಓಡುತ್ತವೆ, ನಿಲ್ಲಿಸುವುದು ಎಲ್ಲಿ ಎಂದು ಕೇಳಿದೆ. "ಜಾಗ ಸಿಗದಿದ್ರೆ ಜೇಬಿಗೆ ಹಾಕ್ಕೊಳ್ತಾರೆ ತಾತ" ಎಂದ. ತಮಾಷೆ ಎಂದುಕೊಂಡೆ, ನೋಡಿದರೆ ನಿಜವೇ! ಕಾರು ಕಟ್ಟಡದ ಮುಂದೆ ಬಂತು, ಮಾಯವಾಯಿತು, ಮನುಷ್ಯ ಒಳಗೆ ಹೋದ. ನಮ್ಮ ಬೀದಿಯಲ್ಲಿ 30×40 ಸೈಟಿನ ಮನೆಗಳ ಮುಂದೆ ಎರಡೆರಡು ಕಾರು ನಿಂತು ಹಾಲಿನ ವ್ಯಾನು ಹೋಗದಂತಾಗಿದೆ. ಆ ಜೇಬು ನಮಗೂ ಬೇಕಾಗಿತ್ತು.

ಆದರೂ ಹೆಣದ ಗಾಡಿ ಲಾರಿಗಳ ಹಿಂದೆ ಸಿಕ್ಕಿಕೊಂಡದ್ದನ್ನು ಓದಿ ಒಂದು ನೆನಪಾಯಿತು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದ ಕಾಲದ ಬಡಾವಣೆಗಳು ಮಲ್ಲೇಶ್ವರ, ಬಸವನಗುಡಿ. ಅಲ್ಲಿ ಮನೆಗಳ ಹಿಂಬದಿಗೆ ಕನ್ಸರ್ವೆನ್ಸಿ ಲೇನ್ ಎಂದು ಸಣ್ಣ ಗಲ್ಲಿಗಳನ್ನು ಬಿಟ್ಟಿದ್ದರು. ಮಲ, ಕಸ ಸಾಗಿಸುವ ಕೆಲಸವೆಲ್ಲ ಆ ಹಿಂದಿನ ದಾರಿಯಲ್ಲಿ. ಆ ಕೆಲಸವನ್ನು ಯಾರ ಕೈಯಲ್ಲಿ ಮಾಡಿಸುತ್ತಿದ್ದರು ಎಂಬುದು ಬೇರೆ ನಾಚಿಕೆಯ ಕಥೆ. ಸೇವೆಯ ದಾರಿ ಬೇರೆ, ಮುಂಬಾಗಿಲ ದಾರಿ ಬೇರೆ ಎಂಬ ಲೆಕ್ಕ ಮಾತ್ರ ಆಗಲೇ ಇತ್ತು. ಎಂಟೂ ಚಿತಾಗಾರಗಳನ್ನು ಒಂದೇ ಮೂಲೆಯಲ್ಲಿ ಇಟ್ಟು ಊರಿಗೆಲ್ಲ ಒಂದೇ ದಾರಿಯಲ್ಲಿ ಗಾಡಿ ಕಳಿಸುವುದು ಏಕೆ? ಒಂದೊಂದು ಬಡಾವಣೆಗೆ ಒಂದೊಂದು ಹಂಚಬಾರದೇ?

ರಸ್ತೆರಾಯ · ಶನಿವಾರ, ಮಧ್ಯಾಹ್ನ 3:05

ಸಾರ್, ಆಡದೇನೇ ನನಗಿಂತ ಚೆನ್ನಾಗಿ ಹೇಳಿದ್ರಿ. ಚಿತಾಗಾರ ಹಂಚೋದನ್ನ ನಾನು ಬಿಟ್ಟೇ ಬಿಟ್ಟಿದ್ದೆ. ಹೈದಾ, ಕೇಳಿಸ್ಕೋ. ಊರಿನ ನಾಲ್ಕು ಕಡೆ ಹಂಚಿ ಉಳಿದಿದ್ದನ್ನ ಕೆಡವು. ಅಗ್ನಿಶಾಮಕ, ಆಸ್ಪತ್ರೆಗೂ ಇದೇ ಮಾತು.

ಆದ್ರೆ ಸಾರ್, ಆಟ ಆಟಾನೇ. ನಿಜವಾದ ಊರಿನ ಕೇಸು, ಪರಿಹಾರ ಎಲ್ಲಾ ಹಾಕಿದ್ರೆ ಯಾರು ಆಡ್ತಾರೆ? ಕೆಡವಿ ಕಟ್ಟಿ ನೋಡೋಕೆ ಆಗೋದೇ ಇದರ ಸುಖ.

ಐಂಡ್‌ಹೋವನ್_ಕನ್ನಡಿಗ · ಶನಿವಾರ, ಸಂಜೆ 6:48

ಕಾರು ನಿಲ್ಲಿಸೋ ಮಾತು ಬಂತಲ್ಲ, ಓವರ್ಸಿಯರ್ ಸಾರ್‌ಗೆ ಒಂದು ಸ್ವಾರಸ್ಯದ ವಿಷಯ. ಇದೇ ಥರ ಊರು ಕಟ್ಟೋ ಆಟ, 2013ರ ಸಿಮ್‌ಸಿಟಿಯ ಮುಖ್ಯ ವಿನ್ಯಾಸಕ ಸ್ಟೋನ್ ಲಿಬ್ರಾಂಡೆ ನಿಜವಾದ ಅಮೆರಿಕದ ಊರುಗಳನ್ನ ಅಳೆದು ನೋಡಿದ್ರಂತೆ. ಅಂಗಡಿಗಿಂತ ಅದರ ಪಾರ್ಕಿಂಗ್ ಜಾಗವೇ ದೊಡ್ಡದು ಅಂತ ಗೊತ್ತಾಯ್ತು. ಅದನ್ನ ಹಾಗೇ ಆಟಕ್ಕೆ ಹಾಕಿದ್ರೆ ಪರದೆ ತುಂಬಾ ಪಾರ್ಕಿಂಗೇ ಕಾಣುತ್ತೆ, ಆಟ ಬೇಜಾರಾಗುತ್ತೆ ಅಂತ, ಎಲ್ಲಾ ನೆಲದಡಿ ಇದೆ ಅಂದ್ಕೊಂಡು ಬಿಟ್ಟುಬಿಟ್ಟರು. ಅಂದ್ರೆ ಈ ಆಟಗಳು ಕಾರಿನ ಖರ್ಚಲ್ಲಿ ದೊಡ್ಡ ಪಾಲನ್ನ ಮುಚ್ಚಿಡ್ತವೆ.

ಇದು ಹೊಸದೇನಲ್ಲ. ವಿಲ್ ರೈಟ್ ಮೊದಲ ಸಿಮ್‌ಸಿಟಿಯನ್ನ 1989ರಲ್ಲಿ ತಂದಾಗ ಅದಕ್ಕೆ ಬೀಜ ಸಿಕ್ಕಿದ್ದು ಅವರದ್ದೇ ಇನ್ನೊಂದು ಆಟದಿಂದ. ಹೆಲಿಕಾಪ್ಟರಲ್ಲಿ ಹೋಗಿ ದ್ವೀಪಗಳ ಮೇಲೆ ಬಾಂಬ್ ಹಾಕೋ ಆಟ ಅದು. ಹಾಕೋದಕ್ಕಿಂತ ಆ ದ್ವೀಪಗಳನ್ನ ಕಟ್ಟೋದೇ ಅವರಿಗೆ ಮಜಾ ಅನಿಸ್ತು. ಲೆಕ್ಕಾಚಾರಕ್ಕೆ ಹಿಡಿದಿದ್ದು ಎಂಐಟಿಯ ಜೇ ಫಾರೆಸ್ಟರ್ 1969ರಲ್ಲಿ ಮಾಡಿದ್ದ ನಗರದ ಕಂಪ್ಯೂಟರ್ ಮಾದರಿ. ಬಡವರಿಗೆ ಮನೆ ಕಟ್ಟಿಕೊಟ್ರೆ ಊರಿಗೇ ನಷ್ಟ ಅನ್ನೋ ಥರದ ತೀರ್ಮಾನ ಆ ಮಾದರಿಯಿಂದ ಬಂದಿತ್ತು, ಆಗಲೇ ಅದರ ಮೇಲೆ ಜಗಳ ಆಗಿತ್ತು. ಆಟದೊಳಗೆ ಯಾರದ್ದೋ ಅಭಿಪ್ರಾಯ ಕೂತಿರುತ್ತೆ, ನಾವು ಅದನ್ನ ಪ್ರಕೃತಿ ನಿಯಮ ಅಂದ್ಕೊಂಡು ಆಡ್ತೀವಿ.

ಹೋಗಲಿ, ಹೈದನ ಊರಿಗೆ ಬರ್ತೀನಿ. ಎಲ್ಲರೂ ಲಾರಿ ಬಗ್ಗೆ ಹೇಳಿದ್ರಿ, ಕಾರಿನ ಬಗ್ಗೆ ಹೇಳಿಲ್ಲ. ನಾನಿರೋ ಕಡೆ (ನೆದರ್ಲೆಂಡ್ಸ್‌ನ ಐಂಡ್‌ಹೋವನ್) ನಮ್ಮ ಬೀದಿಯಿಂದ ಅಂಗಡಿಗೆ ಸೈಕಲ್ಲಲ್ಲಿ ಮೂರು ನಿಮಿಷ. ಕಾರಲ್ಲಿ ಹೋದ್ರೆ ಸುತ್ತು ಹೊಡೆದು ಎಂಟು ನಿಮಿಷ. ಬೇಕಂತಲೇ ಹಾಗೆ ಮಾಡಿದ್ದಾರೆ. ಬಡಾವಣೆಗೆ ಕಾರು ಒಂದು ಬಾಗಿಲಿಂದ ಬಂದು ಅದೇ ಬಾಗಿಲಿಂದ ಹೋಗಬೇಕು, ನಡೆಯೋರಿಗೆ, ಸೈಕಲ್ಲಿಗೆ ಮಾತ್ರ ಎಲ್ಲಾ ಕಡೆ ಸಂದಿ. ಆಟದಲ್ಲಿ ಇದು ಅದ್ಭುತವಾಗಿ ಕೆಲಸ ಮಾಡುತ್ತೆ. ರಸ್ತೆರಾಯರು ಮುಚ್ಚಿಸಿದ ಏಳು ಅಡ್ಡರಸ್ತೆಗಳ ತುದಿಯಲ್ಲಿ ಕಾಲುದಾರಿ ಎಳಿ, ದೊಡ್ಡ ರಸ್ತೆ ಮೇಲೆ ಕಾಲುಸೇತುವೆ ಹಾಕು. ಸಿಮ್‌ಗಳು, ಅಂದ್ರೆ ಆಟದ ಜನ, ಎಷ್ಟು ದೂರ ನಡೀತಾವೆ ಅಂತ ನೋಡಿ ನಿನಗೇ ಆಶ್ಚರ್ಯ ಆಗುತ್ತೆ. ಜೀಬ್ರಾ ಕ್ರಾಸಿಂಗ್‌ನಲ್ಲಿ ಜನ ದಾಟೋಕೆ ಕಾರು ನಿಲ್ಲೋದೂ ತಪ್ಪುತ್ತೆ. ಆಫ್ಟರ್ ಡಾರ್ಕ್ ಇದೆಯಲ್ಲ, ಸೈಕಲ್ ಲೇನೂ ಸಿಗುತ್ತೆ.

ನಮ್ಮೂರ ಅಂಚಲ್ಲಿ ಹೋವನ್‌ರಿಂಗ್ ಅಂತ ಇದೆ, 2012ರಲ್ಲಿ ಆಗಿದ್ದು. ಕೆಳಗೆ ಕಾರುಗಳ ಜಂಕ್ಷನ್, ಮೇಲೆ ಗಾಳಿಯಲ್ಲಿ ಕೇಬಲ್ಲಿಗೆ ತೂಗುಬಿಟ್ಟ 72 ಮೀಟರ್ ವ್ಯಾಸದ ವೃತ್ತ, ಸೈಕಲ್ಲಿಗೆ ಅಂತಲೇ ಮಾಡಿದ್ದು. ಅದನ್ನ ಆಟದಲ್ಲಿ ಎತ್ತರಿಸಿದ ಕಾಲುದಾರಿ ಬಳಸಿ ಕಟ್ಟೋಕೆ ಒಂದು ಭಾನುವಾರ ಪೂರ್ತಿ ಕಳೆದೆ. ವೃತ್ತ ಮೊಟ್ಟೆ ಆಕಾರಕ್ಕೆ ಬಂತು. ಹೆಂಡತಿ ನೋಡಿ, "ಪಾತ್ರೆ ಹಾಗೇ ಬಿದ್ದಿದೆ, ಇದೇನು ಇಡ್ಲಿ ಸ್ಟ್ಯಾಂಡಾ?" ಅಂದ್ಲು.

ಕುಡ್ಲದ_ಗೋಳಿಬಜೆ · ಶನಿವಾರ, ಸಂಜೆ 7:01

ಪಾತ್ರೆ ತೊಳೆದ್ರಾ ಇಲ್ವಾ, ಅದನ್ನು ಹೇಳಿ ಮೊದಲು.

ಹುಬ್ಬಳ್ಳಿ_ಗಿರ್ಮಿಟ್ · ಶನಿವಾರ, ರಾತ್ರಿ 9:20

ಸೈಕಲ್ ಎಲ್ಲಾ ಛಲೋ ಐತ್ರಿ, ಬಸ್ ಬಿಟ್ಟು ಊರು ಹೆಂಗ ನಡೀತದ? ನಮ್ಮ ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ ನೋಡ್ರಿ. ಸುಮಾರು 22 ಕಿಲೋಮೀಟರ್, ರಸ್ತಾದ ನಟ್ಟನಡುವ ಬಸ್ಸಿಗಷ್ಟ ಹಾದಿ. ಅದಕ್ಕ ಬೈಯವ್ರೂ ಊರಾಗ ಭಾಳ ಮಂದಿ ಅದಾರ, ಇರಲಿ. ಬಸ್ಸು ಮಾತ್ರ ಜಾಮ್‌ನ್ಯಾಗ ನಿಲ್ಲಂಗಿಲ್ಲ.

ತಮ್ಮಾ, ನಿನ್ನ ಊರಾಗ ಬಸ್ ಲೈನ್ ಹೆಂಗ ಹಾಕಿದಿ? ಹೊಸಬ್ರು ಏನ್ ಮಾಡ್ತಾರಂದ್ರ ಒಂದ ಉದ್ದನ ಲೈನ್, ಊರ ತುಂಬ ಹಾವಿನಂಗ ಸುತ್ತಸ್ತಾರ. ಐವತ್ತು ಸ್ಟಾಪು. ಆಮ್ಯಾಲ ಬಸ್ಸೆಲ್ಲಾ ಒಂದರ ಹಿಂದ ಒಂದು ಅಂಟಿಕೊಂಡು ಜಾತ್ರಿ ತೇರಿನಂಗ ಬರ್ತಾವ. ಮುಂದಿನದು ತುಂಬಿ ತುಳುಕ್ತದ, ಹಿಂದಿನವು ಖಾಲಿ. ಹಂಗ ಮಾಡಬ್ಯಾಡ. ಸಣ್ಣ ಸಣ್ಣ ಲೈನ್ ಹಾಕು, ಎಂಟು ಹತ್ತು ಸ್ಟಾಪು ಸಾಕು. ಎಲ್ಲಾ ಲೈನು ಒಂದ ಕಡೆ ಕೂಡಲಿ, ಅಲ್ಲಿಂದ ಮೆಟ್ರೊ ಹಾಕು. ಮತ್ತ ಆ ಹಾಳ ಜಂಕ್ಷನ್ ಒಳಗ ಬಸ್ ಒಯ್ಯಬ್ಯಾಡ. ಆಫ್ಟರ್ ಡಾರ್ಕ್‌ನ್ಯಾಗ ಬಸ್ ಲೇನ್ ಇರೋ ರಸ್ತಾ ಅದಾವ, ನಿನ್ನ ಆರು ಲೇನಿಂದು ಅದಕ್ಕ ಬದಲು ಮಾಡು. ಹೆಂಗೂ ಎರಡು ಲೇನ್ ಖಾಲಿ ಹೊಡೀತಾವಲ್ಲ!

ನಷ್ಟ ಆದ್ರ ಹೆದರಬ್ಯಾಡ. ಬಸ್ಸಿನ ಲೆಕ್ಕದಾಗ ಕೆಂಪು ಕಂಡ್ರ ಕಾಣಲಿ, ಅದು ರಸ್ತಾ ಖಾಲಿ ಮಾಡಿ ಬ್ಯಾರೆ ಕಡೆ ರೊಕ್ಕ ತರ್ತದ.

ನಿವೃತ್ತ_ಓವರ್ಸಿಯರ್ · ಭಾನುವಾರ, ಬೆಳಿಗ್ಗೆ 7:30

ಗಿರ್ಮಿಟ್ ಅವರ ಕೊನೆಯ ಮಾತನ್ನು ನಾನು ಒಂದು ಕಾಲದಲ್ಲಿ ಸಭೆಯಲ್ಲಿ ಹೇಳಿದ್ದೆ. ನನ್ನನ್ನು ಮುಂದಿನ ಸಭೆಗೆ ಕರೆಯಲಿಲ್ಲ.

ನಿನ್ನೆ ಮೊಮ್ಮಗನಿಗೆ ಲಾರಿಗಳ ದಾರಿ ಬೇರೆ ಮಾಡಲು ಹೇಳಿದೆ. ಹೈವೇಗೆ ರ‍್ಯಾಂಪ್ ಸೇರಿಸುವಾಗ ನೆಟ್ಟಗೆ ಲಂಬಕೋನದಲ್ಲಿ ತಂದು ಗುದ್ದಿಸುತ್ತಿದ್ದ. ಓರೆಯಾಗಿ, ಹರಿವಿನ ಜೊತೆ ಸೇರಿಸು ಎಂದೆ. ಅಷ್ಟಕ್ಕೇ ಹಿಂದಿನ ಸಾಲು ಕರಗಿತು. ನಮ್ಮ ನಾಲೆಗಳಿಗೂ ಇದೇ ನಿಯಮ, ಉಪನಾಲೆಯನ್ನು ಎದುರುಬದುರಾಗಿ ಸೇರಿಸಿದರೆ ಸುಳಿ ಎದ್ದು ಹೂಳು ಕೂರುತ್ತದೆ.

ಒಂದು ದೂರು ಮಾತ್ರ ಇದೆ. ಮಳೆ ಬಂದಾಗ ನೀರು ಎಲ್ಲಿ ಹೋಗುತ್ತದೆ ಎಂಬ ಚಿಂತೆಯೇ ಈ ಆಟದಲ್ಲಿ ಬೇಡ. ನಮ್ಮ ಕಡೆ ಒಂದು ಕೆರೆಯ ಕೋಡಿ ಹರಿದು ಮುಂದಿನ ಕೆರೆಗೆ ಹೋಗುತ್ತಿತ್ತು, ನಡುವೆ ರಾಜಕಾಲುವೆ. ಅದನ್ನು ಬಿಟ್ಟು ಲೇಔಟು ಗೆರೆ ಎಳೆಯುವುದನ್ನು ಹುಡುಗರು ಇಲ್ಲಿಯೇ ಕಲಿತರೆ ಕಷ್ಟ.

ಮಲ್ನಾಡ್_ಮಳೆ · ಭಾನುವಾರ, ಬೆಳಿಗ್ಗೆ 8:12

ಸಾರ್, ನಿಮ್ಮ ಮೊಮ್ಮಗ ಪುಣ್ಯವಂತ. ನನಗೆ ಪಕ್ಕದಲ್ಲಿ ಕೂತು ಹೇಳೋರು ಯಾರೂ ಇರಲಿಲ್ಲ, ನಾಲ್ಕು ಊರು ಕೊಂದ ಮೇಲೆ ಕಲಿತೆ.

ರಸ್ತೆರಾಯರಿಗೆ ಒಂದು ಮಾತು. "ಕೆಡವಿ ಕಟ್ಟಿ ನೋಡೋದೇ ಸುಖ" ಅಂದ್ರಿ. ನನಗೆ ಕೆಡವದೆ ಆಡೋದೇ ಹೆಚ್ಚು ಹಿಡಿಸಿದೆ. ನಾನೇ ಹಾಕ್ಕೊಂಡ ನಿಯಮ: ಒಮ್ಮೆ ಮನೆ ಎದ್ದ ಮೇಲೆ ಬುಲ್ಡೋಜರ್ ಮುಟ್ಟಲ್ಲ. ರಸ್ತೆ ಬೇಕಂದ್ರೆ ಸುತ್ತಿ ತರ್ತೀನಿ. ಊರು ಸೊಟ್ಟಪಟ್ಟ ಆಗುತ್ತೆ, ಒಂದು ಮೂಲೆಯಲ್ಲಿ ವಿಚಿತ್ರ ತ್ರಿಕೋನದ ಪಾರ್ಕು ಉಳಿಯುತ್ತೆ, ಆದ್ರೆ ನೋಡೋಕೆ ನಿಜವಾದ ಊರಿನ ಹಾಗಿರುತ್ತೆ. ನನ್ನ ಈಗಿನ ಊರಿಗೆ 61 ಸಾವಿರ ಜನ. ಕಟ್ಟೋಕೆ ಎಂಟು ತಿಂಗಳು ಹಿಡಿದಿದೆ.

ರಸ್ತೆರಾಯ · ಭಾನುವಾರ, ಬೆಳಿಗ್ಗೆ 8:40

ಎಂಟು ತಿಂಗಳಿಗೆ 61 ಸಾವಿರ! ನಾನು ಒಂದು ವಾರಕ್ಕೆ ಎರಡು ಲಕ್ಷ ದಾಟಿಸಿದ್ದೀನಿ ಅಕ್ಕಾ. ಆಮೇಲೆ ಆಟದ ಮಿತಿ ಬಂತು, ಒಟ್ಟು 16,384 ಗಾಡಿ ಮಾತ್ರ ಒಮ್ಮೆಗೆ ಓಡಬಹುದು, ಅದಕ್ಕಿಂತ ಹೆಚ್ಚು ಹುಟ್ಟಲ್ಲ. ರಸ್ತೆ ಖಾಲಿ ಖಾಲಿ, ನಾನು ಬೀಗಿದ್ದೇ ಬೀಗಿದ್ದು. ಮೂರು ದಿನ ಆದ್ಮೇಲೆ ಗೊತ್ತಾಯ್ತು, ಕಸದ ಲಾರಿನೂ ಹುಟ್ತಿಲ್ಲ ಅಂತ.

ಮಲ್ನಾಡ್_ಮಳೆ · ಭಾನುವಾರ, ಬೆಳಿಗ್ಗೆ 8:44

😄 ಆ ಊರು ಈಗ ಹೇಗಿದೆ?

ರಸ್ತೆರಾಯ · ಭಾನುವಾರ, ಬೆಳಿಗ್ಗೆ 8:45

ಇಲ್ಲ.

ಹೊಸಪೇಟೆ_ಹೈದ · ಮುಂದಿನ ಶನಿವಾರ, ರಾತ್ರಿ 10:15

ಒಂದು ವಾರ ತಲೆ ತಗ್ಗಿಸಿ ಕೆಲಸ ಮಾಡಿದೆ, ಈಗ ವರದಿ.

ಹೊಸ ಊರು ಶುರು ಮಾಡಲಿಲ್ಲ. 14 ಸಾವಿರಕ್ಕೆ ಇಳಿದ ಅದೇ ಊರನ್ನ ಎತ್ತೋಣ ಅಂತ ಹಟ ಹಿಡಿದೆ. ಮೊದಲು ಆಟ ನಿಲ್ಲಿಸಿ ರೂಟ್ಸ್ ನೋಟ ತೆಗೆದೆ. ರಸ್ತೆರಾಯಣ್ಣ, ಮುಕ್ಕಾಲು ಅಂದ್ರಲ್ಲ, ಇನ್ನೂ ಜಾಸ್ತಿನೇ ಇತ್ತು. ಲಾರಿಯ ಗೆರೆಗಳು ಜಡೆ ಹೆಣೆದ ಹಾಗೆ ಆ ಒಂದು ಜಂಕ್ಷನ್ನಿಗೆ ಬಂದು ಬಿಚ್ಕೊಂಡಿದ್ವು. ಕಾರ್ಖಾನೆ ಹಿಂದೆ ಹೈವೇ ನೂರು ಮೀಟರ್ ದೂರದಲ್ಲೇ ಹೋಗ್ತಿತ್ತು, ಇಷ್ಟು ದಿನ ಕಣ್ಣಿಗೇ ಬಿದ್ದಿರಲಿಲ್ಲ. ಸಾಲ ತೆಗೆದು ಅಲ್ಲಿ ಇಳಿದಾರಿ, ಏರುದಾರಿ ಮಾಡಿದೆ, ಓವರ್ಸಿಯರ್ ಸಾರ್ ಹೇಳಿದ ಹಾಗೆ ಓರೆಯಾಗಿ. ಪ್ಲೇ ಒತ್ತಿದೆ. ಲಾರಿಗಳು ತಕ್ಷಣ ಹೋಗಲಿಲ್ಲ, ಹಳೇ ದಾರಿ ಹಿಡಿದವು ಹಳೇ ದಾರೀಲೇ ಬಂದ್ವು. ಹತ್ತು ನಿಮಿಷ ಆದ್ಮೇಲೆ ಒಂದು ಲಾರಿ ಹೊಸ ರ‍್ಯಾಂಪಿಂದ ಇಳೀತು. ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ. ಅಮ್ಮ ಬಂದು ಏನಾಯ್ತೋ ಅಂದ್ರು.

ಹಳೇ ಜಂಕ್ಷನ್ ಕಿತ್ತು ಒನ್ ವೇ ರಸ್ತೆಯಲ್ಲಿ ದೊಡ್ಡ ವೃತ್ತ ಮಾಡಿದೆ, ಸಿಗ್ನಲ್ ತೆಗೆದೆ. ಮೊದಲ ಸಲ ವೃತ್ತವನ್ನ ಉಲ್ಟಾ ಸುತ್ತಿಸಿದ್ದೆ. ಯೂಟ್ಯೂಬಲ್ಲಿ ಬಲಗಡೆ ಓಡಿಸೋರು ತೋರಿಸಿದ್ದನ್ನ ನೋಡ್ಕೊಂಡು ಹಾಕಿದ್ದು, ನನ್ನ ಊರಲ್ಲಿ ನಮ್ಮ ಹಾಗೆ ಎಡಗಡೆ ಓಡೋದು. ಅದು ಗೊತ್ತಾಗೋಕೆ ಅರ್ಧ ಗಂಟೆ ಹೋಯ್ತು.

ಅಡ್ಡರಸ್ತೆ ಒಂಬತ್ತಿತ್ತು, ಆರು ಮುಚ್ಚಿದೆ. ಕಾಲುಸೇತುವೆ ಮೂರು. ಬಸ್ಸು ಮೂರು ಸಣ್ಣ ಲೈನು. ಚಿತಾಗಾರ ಹಂಚಿದೆ. ಎಂಟೂ ಇಟ್ಕೊಂಡಿದ್ದೀನಿ, ಕೆಡವೋಕೆ ಮನಸ್ಸು ಬರಲಿಲ್ಲ. ಮನೆಗಳನ್ನ ಮಳೆ ಅಕ್ಕ ಹೇಳಿದಂತೆ ಸಾಲು ಸಾಲಾಗಿ ಬಳಿದೆ. ಇದೇ ಎಲ್ಲಕ್ಕಿಂತ ಕಷ್ಟ ಆಗಿದ್ದು! ಹಸಿರು ಕಡ್ಡಿ ತುಂಬಿ ನಿಂತಿದೆ, ಕೈ ಕಡೀತಿದೆ. ಎರಡು ಸಲ ತಪ್ಪಿ ದೊಡ್ಡದಾಗಿ ಬಳಿದು ಮತ್ತೆ ಅಳಿಸಿದೆ.

ಈಗ 44 ಸಾವಿರ. ಟ್ರಾಫಿಕ್ ಹರಿವು ಶೇಕಡಾ 81, ಮೊದಲು 52 ಇತ್ತು (ಪೂರ್ತಿ ನಂಬಬಾರದು ಅಂತ ಗೊತ್ತು). ಇವತ್ತು ಸಂಜೆ ಮತ್ತೆ ಒಂದು ಹೆಣದ ಗಾಡಿಯನ್ನ ಹಿಂಬಾಲಿಸಿದೆ. ಹೊರಟಿತು, ಎರಡು ತಿರುವು, ವೃತ್ತದಲ್ಲಿ ಒಂದು ಬಸ್ಸಿಗೆ ದಾರಿ ಬಿಟ್ಟಿತು, ಮನೆ ಮುಂದೆ ನಿಂತಿತು, ತಲೆಬುರುಡೆ ಹೋಯ್ತು.

ಹುಬ್ಬಳ್ಳಿ_ಗಿರ್ಮಿಟ್ · ಶನಿವಾರ, ರಾತ್ರಿ 10:22

ಬಸ್ಸಿಗೆ ದಾರಿ ಬಿಟ್ಟಿತು ಅಂದಿ ನೋಡು, ಅಲ್ಲಿ ಹೊಟ್ಟಿ ತಣ್ಣಗಾತು.

ನಿವೃತ್ತ_ಓವರ್ಸಿಯರ್ · ಶನಿವಾರ, ರಾತ್ರಿ 10:31

ಶಹಭಾಸ್. ಮುಚ್ಚಿದ ಆರು ರಸ್ತೆಯವರಿಂದ ತಕರಾರು ಬರಲಿಲ್ಲವೇ?

ಹೊಸಪೇಟೆ_ಹೈದ · ಶನಿವಾರ, ರಾತ್ರಿ 10:34

ಹಕ್ಕಿ ಏನೋ ಅಂತು ಸಾರ್, ಓದಲಿಲ್ಲ.

ಹೊಸಪೇಟೆ_ಹೈದ · ಭಾನುವಾರ, ಬೆಳಿಗ್ಗೆ 12:50

ಒಂದು ಸಣ್ಣ ಪ್ರಶ್ನೆ. ದುಡ್ಡು ಮಿಕ್ಕಿತ್ತು, ಡ್ಯಾಂ ಕಟ್ಟಿದೆ. ಹಿನ್ನೀರು ಏರ್ತಾ ಇದೆ. ನಿಲ್ಲುತ್ತೆ ನಿಲ್ಲುತ್ತೆ ಅಂತ ಕಾಯ್ತಿದ್ದೀನಿ. ಅಂಚಿನ ಎರಡು ಬೀದಿ ಒಳಗೆ ಹೋಯ್ತು. ಡ್ಯಾಂ ಕೆಡವಲಾ?

ಮಲ್ನಾಡ್_ಮಳೆ · ಭಾನುವಾರ, ಬೆಳಿಗ್ಗೆ 12:52

ಕೆಡವಬೇಡಿ!! ಅಷ್ಟೂ ನೀರು ಒಂದೇ ಸಲಕ್ಕೆ ಕೆಳಗಿನ ಬಡಾವಣೆ ಮೇಲೆ ಬರುತ್ತೆ. ಕಟ್ಟೋ ಮುಂಚೆ ಸೇವ್ ಮಾಡಿದ್ರಿ ತಾನೆ?

ಹೊಸಪೇಟೆ_ಹೈದ · ಭಾನುವಾರ, ಬೆಳಿಗ್ಗೆ 12:58

ಕೆಡವಿಬಿಟ್ಟೆ ಅಕ್ಕಾ.

ಕುಡ್ಲದ_ಗೋಳಿಬಜೆ · ಭಾನುವಾರ, ಬೆಳಿಗ್ಗೆ 1:03

ಎಂಟರಲ್ಲಿ ಎಷ್ಟು ಚಿತಾಗಾರ ಉಳಿದಿದೆ ಮಾರಾಯ್ರೆ?

ಹೊಸಪೇಟೆ_ಹೈದ · ಭಾನುವಾರ, ಬೆಳಿಗ್ಗೆ 1:05

ಐದು. ಆರನೇದರ ಮೆಟ್ಟಿಲ ಮೇಲೆ ನೀರು ನಿಂತಿದೆ, ಗಾಡಿ ಮಾತ್ರ ಹೊರಗೆ ಬಂದಿದೆ. ಅದರ ಹಿಂದೆನೇ ಹೋಗ್ತಿದ್ದೀನಿ.